ಐಚ್ಛಿಕ ನಿಯಮವೂ ಯೋಧನ ಪಾಡೂ

‘ಐಚ್ಛಿಕ’ ಎಂಬ ಮಾತಿನ ಮೇಲೆ ನನಗೆ ಹಳೆಯ ಗುಮಾನಿಯಿದೆ. ಸರ್ಕಾರಿ ನಿಯಮಾವಳಿಗಳನ್ನು ದಿನವೂ ಓದುವವರಿಗೆ ‘ಮಾಡಬಹುದು’ ಮತ್ತು ‘ಮಾಡತಕ್ಕದ್ದು’ ಎಂಬೆರಡು ಪದಗಳ ನಡುವೆ ಎಷ್ಟು ಕಡತಗಳು ಮಲಗಿರುತ್ತವೆಂಬುದು ಗೊತ್ತು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡತೊಡಗಿದ ಮೇಲೆ ಆ ಗುಮಾನಿ ಇನ್ನಷ್ಟು ಬಲಿತಿದೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟ ತಾಳಮದ್ದಲೆ ಕೇಳಿ ಬೆಳೆದವರಿಗೆ ತೀರ ಹೊಸದೆನಿಸದು. ಮೇಜಿನ ಸುತ್ತ ನಾಲ್ಕೈದು ಜನ. ಭಾಗವತರ ಸ್ಥಾನದಲ್ಲಿ ಡಂಜನ್ ಮಾಸ್ಟರ್. ಉಳಿದವರದು ಒಂದೊಂದು ಪಾತ್ರ, ಆಶುವಾದ ಮಾತು. ಅಲ್ಲಿ ಕರ್ಣ ಸಾಯಲೇಬೇಕು; ಇಲ್ಲಿ ಇಪ್ಪತ್ತು ಮುಖದ ದಾಳ ಒಪ್ಪಿದರೆ ಬದುಕಿಯಾನು. ಅಷ್ಟೇ ವ್ಯತ್ಯಾಸ.

ವಾದವಿರುವುದು 2014ರ ಐದನೆಯ ಆವೃತ್ತಿಯ ಬಗ್ಗೆ. ಅದರಲ್ಲಿ ‘ಫೀಟ್’ ಎಂಬ ವಿಶೇಷ ಸಾಮರ್ಥ್ಯಗಳೂ, ಒಂದೇ ಪಾತ್ರ ಎರಡು ವೃತ್ತಿಗಳನ್ನು ಹಿಡಿಯುವ ‘ಮಲ್ಟಿಕ್ಲಾಸಿಂಗ್’ ಸೌಲಭ್ಯವೂ ಐಚ್ಛಿಕ. ಮಾಸ್ಟರ್ ಒಪ್ಪಿದರೆ ಮಾತ್ರ ಉಂಟು. ಆದರೆ ಪುಸ್ತಕದಲ್ಲಿ ಅಚ್ಚಾದದ್ದು ಬಲುಬೇಗ ಹಕ್ಕಾಗಿಬಿಡುತ್ತದೆ. ‘ಗ್ರೇಟ್ ವೆಪನ್ ಮಾಸ್ಟರ್’ ಎಂಬ ಫೀಟ್ ಪಡೆದವನು ದಾಳದ ಮೊತ್ತದಲ್ಲಿ 5 ಬಿಟ್ಟುಕೊಟ್ಟು, ಏಟಿನ ಬಲಕ್ಕೆ 10 ಸೇರಿಸಿಕೊಳ್ಳಬಹುದು. ಪಕ್ಕದಲ್ಲಿ ಕತ್ತಿ ಗುರಾಣಿ ಹಿಡಿದು ನಿಂತವನಿಗೆ ತನ್ನ ಏಟು ಸೊಳ್ಳೆ ಕಡಿತದಂತೆ ಕಾಣುತ್ತದೆ. ಆದ್ದರಿಂದ, ಸಮತೋಲ ಕೆಟ್ಟಿತು, ಫೀಟ್‌ಗಳನ್ನೇ ನಿಷೇಧಿಸಿ ಎಂಬ ಕೂಗು.

ಈ ಕೂಗನ್ನು ನಾನು ಒಪ್ಪುವುದಿಲ್ಲ. ಫೀಟ್ ಬರುವುದು ಗುಣಾಂಕ ಹೆಚ್ಚಿಸಿಕೊಳ್ಳುವ ಅವಕಾಶಕ್ಕೆ ಬದಲಾಗಿ. ಇಪ್ಪತ್ತು ಹಂತಗಳಲ್ಲಿ ಯೋಧನಿಗೆ ಅಂಥ ಅವಕಾಶ 7 ಬಾರಿ, ಮಾಂತ್ರಿಕನಿಗೆ 5 ಬಾರಿ. ನಿಷೇಧದಿಂದ ಹೆಚ್ಚು ಕಳೆದುಕೊಳ್ಳುವವನು ಯೋಧನೇ. ಮಾಂತ್ರಿಕನಿಗೇನು ಕೊರತೆ? ಐದನೆಯ ಹಂತದಲ್ಲಿ ಯೋಧನಿಗೆ ಒಂದು ಸರದಿಗೆ ಎರಡು ಏಟು ದಕ್ಕುವ ಹೊತ್ತಿಗೆ, ಮಾಂತ್ರಿಕನ ಬೆಂಕಿಯುಂಡೆ ಇಪ್ಪತ್ತು ಅಡಿ ತ್ರಿಜ್ಯದೊಳಗಿನವರ ಮೇಲೆಲ್ಲ ಎಂಟು ದಾಳಗಳ ಉರಿ ಸುರಿಯುತ್ತದೆ. ಹದಿನೇಳನೆಯ ಹಂತಕ್ಕೆ ಅವನು ‘ವಿಶ್’ ಮಂತ್ರದಿಂದ ಬೇಡಿದ್ದನ್ನು ನಿಜವಾಗಿಸತೊಡಗುತ್ತಾನೆ.

ಆಟ ರಚಿಸಿದವರಿಗೆ ಇದು ತಿಳಿಯದೆ ಇರಲಿಲ್ಲ. ಮಾಂತ್ರಿಕನ ಮಂತ್ರಗಳು ಬಹುಮಟ್ಟಿಗೆ ಮರಳುವುದು ರಾತ್ರಿಯ ದೀರ್ಘ ವಿಶ್ರಾಂತಿಯ ಬಳಿಕ; ಯೋಧನ ಕೆಲವು ಮುಖ್ಯ ಶಕ್ತಿಗಳು ಒಂದು ಗಂಟೆ ಕೂತರೆ ಮರಳುತ್ತವೆ. ಮಾಸ್ಟರ್‌ಗಾಗಿ ಇರುವ ಕೈಪಿಡಿ ಒಂದು ದಿನಕ್ಕೆ ಆರರಿಂದ ಎಂಟು ಕಾಳಗಗಳ ಅಂದಾಜು ಕೊಡುತ್ತದೆ. ಮೂರು ಗಂಟೆಯ ಕೂಟದಲ್ಲಿ ಎಂಟು ಕಾಳಗ ಯಾರು ಆಡಿಯಾರು? ಒಂದೋ ಎರಡೋ ಆಗುತ್ತದೆ, ಆಮೇಲೆ ಎಲ್ಲರೂ ಬಿಡಾರ ಹೂಡಿ ಮಲಗುತ್ತಾರೆ, ಮಾಂತ್ರಿಕ ತುಂಬಿದ ಜೋಳಿಗೆಯೊಂದಿಗೆ ಏಳುತ್ತಾನೆ. ಸಮತೋಲ ಕೆಡಿಸಿದ್ದು ಫೀಟ್ ಅಲ್ಲ, ನಿದ್ದೆ. ಇದಕ್ಕೆ ಮದ್ದೂ ಅದೇ ಕೈಪಿಡಿಯಲ್ಲಿ ಐಚ್ಛಿಕವಾಗಿಯೇ ಇದೆ: ಕಿರುವಿಶ್ರಾಂತಿಗೆ ಎಂಟು ಗಂಟೆ, ದೀರ್ಘವಿಶ್ರಾಂತಿಗೆ ಏಳು ದಿನ. ಹಾಗಾದರೆ ಆ ಎಂಟು ಕಾಳಗಗಳನ್ನು ವಾರದುದ್ದಕ್ಕೆ, ಹಲವು ಕೂಟಗಳಿಗೆ ಹರಡಬಹುದು. ಆದರೆ ಈ ನಿಯಮವನ್ನು ಕೇಳಿಕೊಂಡು ಬರುವ ಆಟಗಾರ ಅಪರೂಪ. ಅದರಿಂದ ಯಾರ ಹಾಳೆಯಲ್ಲೂ ಒಂದಂಕಿ ಏರುವುದಿಲ್ಲವಲ್ಲ! 2024ರ ಹೊಸ ಕೈಪಿಡಿ ಫೀಟ್‌ಗಳನ್ನು ಮೂಲ ನಿಯಮದೊಳಕ್ಕೇ ಸೇರಿಸಿಕೊಂಡಿತು, ಆ 5–10ರ ಲೆಕ್ಕವನ್ನೂ ಕೈಬಿಟ್ಟಿತು. ನಿದ್ದೆಯ ಸಮಸ್ಯೆ ಉಳಿದೇ ಇದೆ.

ಸಮತೋಲವೇ ಬೇಡ ಎನ್ನುವವರೂ ಇದ್ದಾರೆ. 1989ರ ಎರಡನೆಯ ಆವೃತ್ತಿಯಲ್ಲಿ ಎರಡನೆಯ ಹಂತಕ್ಕೇರಲು ಕಳ್ಳನಿಗೆ 1,250 ಅನುಭವಾಂಕ ಸಾಕಿತ್ತು, ಯೋಧನಿಗೆ 2,000, ಮಾಂತ್ರಿಕನಿಗೆ 2,500. ಎಳೆತನದಲ್ಲಿ ಬಡಕಲಾದ ಮಾಂತ್ರಿಕ ಉಳಿದುಕೊಂಡರೆ ಮುಂದೆ ಮೆರೆಯುತ್ತಿದ್ದ. ವರ್ಷಗಟ್ಟಲೆ ಒಂದೇ ಊರಲ್ಲಿ ಆಡುವವರಿಗೆ ಅದು ನ್ಯಾಯವೇ. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವ ನಮ್ಮಂಥವರ ಯೋಧನಿಗೆ ಆ ಬಾಕಿ ತೀರುವುದು ಯಾವಾಗ? 2008ರ ನಾಲ್ಕನೆಯ ಆವೃತ್ತಿ ಇನ್ನೊಂದು ತುದಿಗೆ ಹೋಗಿ ಎಲ್ಲ ವೃತ್ತಿಗಳನ್ನೂ ಒಂದೇ ಅಚ್ಚಿನಲ್ಲಿ ಎರೆಯಿತು. ಲೆಕ್ಕ ಸರಿಹೋಯಿತು, ರುಚಿ ಹೋಯಿತು ಎಂದು ಹಲವರು ದೂರಿದರು. ನನ್ನ ದೂರೂ ಅದೇ.

ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆ ಸೇರುವಂತಿಲ್ಲ ಎಂಬ ಕಟ್ಟಳೆ ಕೆಲವು ಮನೆಗಳಲ್ಲುಂಟು, ಕೆಲವು ಮನೆಗಳಲ್ಲಿಲ್ಲ. ಕವಡೆ ಬಿಡುವ ಮೊದಲೇ ‘ಕಡಿಯಬೇಕೋ ಬೇಡವೋ’ ಎಂದು ಕೇಳಿಕೊಂಡರೆ ಜಗಳವಿಲ್ಲ. ಐಚ್ಛಿಕ ನಿಯಮಗಳೂ ಹಾಗೆಯೇ ಪಾತ್ರ ಹುಟ್ಟುವ ಮೊದಲೇ ತೀರ್ಮಾನವಾಗಿ, ಬರವಣಿಗೆಯಲ್ಲಿರಬೇಕು. ಅವುಗಳನ್ನು ಅಳೆಯಬೇಕಾದದ್ದು ಏಟಿನ ಮೊತ್ತದಿಂದಲ್ಲ. ಕಥೆಯನ್ನು ತಿರುಗಿಸುವ ಸರದಿ ಯಾರ್‍ಯಾರಿಗೆ ಎಷ್ಟು ಬಾರಿ ಬಂತೆಂಬುದರಿಂದ.

ಪುಣೆಯ ನಮ್ಮ ಮೇಜಿನಲ್ಲಿ ಐವರು, ಐವರೂ ಕನ್ನಡದವರು. ವಾರವಿಡೀ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಕಳೆದವರಿಗೆ ಮೂರು ಗಂಟೆ ಎಡೆಬಿಡದೆ ಕನ್ನಡ ಆಡಲು ಅದೊಂದೇ ಜಾಗ. ಯೋಧೆಯ ಪಾತ್ರ ವಹಿಸಿದ್ದ ಯುವತಿ ಬಾಗಿಲು ಒಡೆಯಲು ಮುಂದಾದಾಗ ಮಾಂತ್ರಿಕ ಮಂತ್ರದಿಂದ ಬೀಗ ತೆರೆದ. ಗೋಡೆ ಹತ್ತಹೊರಟಾಗ ಹಾರಿಹೋದ. ನಿಯಮದ ಪ್ರಕಾರ ಎಲ್ಲವೂ ಸರಿಯೇ. ಮೂರು ಕೂಟಗಳ ನಂತರ ಆಕೆಗೆ ಶನಿವಾರಗಳಂದು ಬೇರೆ ಕೆಲಸ ಬರತೊಡಗಿತು.

ಮುಂದಿನ ತಿಂಗಳು ಹೊಸ ಕಥೆ. ಏಳು ದಿನಗಳ ವಿಶ್ರಾಂತಿಯ ನಿಯಮವನ್ನು ನಾನು ಲಿಖಿತವಾಗಿ ಮಂಡಿಸಿದ್ದೇನೆ, ಆಕೆಗೂ ಒಂದು ಪ್ರತಿ ಕಳಿಸಿದ್ದೇನೆ. ಮಾಂತ್ರಿಕನ ಆಕ್ಷೇಪಣೆ ಎರಡು ಪುಟದಷ್ಟಿದೆ, ಪರಿಶೀಲನೆಯಲ್ಲಿದೆ.