ಸಭೆಯೂ ಲೆಕ್ಕ ಒಪ್ಪಿಸಬೇಕು



ಹಾಸ್ಟೆಲಿನಲ್ಲಿ ನಮ್ಮನ್ನು ಕೇಳ್ತಾರೆ: 'ಕ್ರೈಸ್ತರಾದ ಮೇಲೆ ನೀವಿನ್ನೆಂಥ ದಲಿತರು?' ಚರ್ಚಿನಲ್ಲಿ ಕೇಳ್ತಾರೆ: 'ಕ್ರಿಸ್ತನಲ್ಲಿ ಜಾತಿಯೇ ಇಲ್ಲ, ನಿಮಗ್ಯಾಕೆ ದಲಿತ ಚಳವಳಿ?' ಇಬ್ಬರಿಗೂ ನಾವು ಒಬ್ಬ ಚಮ್ಮಾರನ ಕತೆ ಹೇಳ್ತೇವೆ.

ಮದ್ರಾಸಿನ ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುತ್ತಿದ್ದವನು ಆತ. ಆದಿದ್ರಾವಿಡ, ಕ್ರೈಸ್ತನಾದವನು. ಬೀದಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಹಂಚಿತು. ಇವನಿಗೆ ಮಾತ್ರ ಇಲ್ಲ ಅಂದಿತು. ಯಾಕೆ? 1950ರ ರಾಷ್ಟ್ರಪತಿ ಆದೇಶ ಹಿಂದೂಗಳನ್ನು ಮಾತ್ರ ಪರಿಶಿಷ್ಟರೆಂದಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಅದಕ್ಕೆ ಸೇರಿಸಲಾಯಿತು. ಕ್ರೈಸ್ತ ದಲಿತನೂ ಮುಸ್ಲಿಂ ದಲಿತನೂ ಹೊರಗೇ ಉಳಿದರು.

ಆತ ಸುಪ್ರೀಂ ಕೋರ್ಟಿನವರೆಗೆ ಹೋದ. 1985ರಲ್ಲಿ ಕೋರ್ಟು ಅರ್ಜಿ ತಳ್ಳಿಹಾಕಿತು. ಮತ ಬದಲಾದ ಮೇಲೂ ಜಾತಿಯ ಸಂಕಟ ಅಷ್ಟೇ ಘೋರವಾಗಿದೆ ಅನ್ನೋದಕ್ಕೆ ಆಧಾರ ಸಾಲದು ಅಂದಿತು.

ಆಧಾರ ಎಲ್ಲಿತ್ತು? ಚರ್ಚಿನ ಅಂಗಳದಲ್ಲೇ ಬಿದ್ದಿತ್ತು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಹೆಣ ಬೇರೆ, ಮೇಲಿನವರ ಹೆಣ ಬೇರೆ ಅಂತ ನಡುವೆ ಗೋಡೆ ಎಬ್ಬಿಸಿದ್ದರು. ಮಣ್ಣಿಗೆ ಹೋದ ಮೇಲೂ ಮೈಲಿಗೆ! ಮತಾಂತರವಾದವರೊಳಗೂ ಜಾತಿ ಉಳಿದಿದೆ ಅಂತ ಬಾಬಾಸಾಹೇಬರು ಬಹಳ ಹಿಂದೆಯೇ ಬರೆದಿದ್ದರು. ಆದರೆ ಕ್ಯಾಥೊಲಿಕ್ ಬಿಷಪ್ಪರು ತಮ್ಮ ದಲಿತ ನೀತಿ ಪತ್ರದಲ್ಲಿ ಇದನ್ನು ಬರೆದು ಒಪ್ಪಿಕೊಂಡದ್ದು 2016ರಲ್ಲಿ. ಭಾರತದ ದಲಿತನೊಬ್ಬ ಮೊದಲ ಸಲ ಕಾರ್ಡಿನಲ್ ಆದದ್ದು 2022ರಲ್ಲಿ.

ಪಾಪ ಮುಚ್ಚಿಟ್ಟರೆ ಸಭೆಯ ಮಾನ ಉಳಿಯುತ್ತೆ ಅಂತ ಹಿರಿಯರು ಹೇಳ್ತಾರೆ. ನಾವು ಓದಿದ ಬೈಬಲ್ ಹಾಗೆ ಹೇಳೋದಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದ ಕೂಡಲೇ ಹೆದರಿ ಪಂಕ್ತಿ ಬಿಟ್ಟೆದ್ದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಪೇತ್ರ ಸಣ್ಣ ಆಳಲ್ಲ, ಸಭೆಯ ಬಂಡೆ ಅನ್ನಿಸಿಕೊಂಡವನು. ಆದರೂ ಬಿಡಲಿಲ್ಲ. ಇನ್ನು ಜಕ್ಕಾಯ. ಅವನ ಪಶ್ಚಾತ್ತಾಪ ಬಾಯಿಮಾತಿಗೆ ಮುಗಿಯಲಿಲ್ಲ. ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ವಾಪಸು ಅಂದ. ನೀತಿ ಅಂದರೆ ಇದು. ಲೆಕ್ಕವಿಲ್ಲದ ನೀತಿ ಬರೀ ಭಜನೆ.

ನಮ್ಮ ಕೇಳಿಕೆ ಇಷ್ಟೇ. ಚರ್ಚಿನ ಶಾಲೆ ಕಾಲೇಜುಗಳಲ್ಲಿ ದಲಿತರಿಗೆ ಎಷ್ಟು ಸೀಟು, ಎಷ್ಟು ನೌಕರಿ ಕೊಟ್ಟಿರಿ? ಗುರುಗಳಾಗಲು ನಮ್ಮ ಹುಡುಗರನ್ನು ಎಷ್ಟು ಜನ ಸೇರಿಸಿಕೊಂಡಿರಿ? ವರ್ಷಕ್ಕೊಮ್ಮೆ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿ. ದೆಹಲಿಗೆ ಹೋಗಿ ಮೀಸಲಾತಿ ಕೇಳುವಾಗ 'ನಮ್ಮಲ್ಲೂ ಜಾತಿ ಇದೆ' ಅನ್ನೋದು, ಊರಿಗೆ ಬಂದು ಪೀಠದ ಮೇಲಿಂದ 'ನಮ್ಮಲ್ಲಿ ಜಾತಿ ಇಲ್ಲ' ಅನ್ನೋದು, ಈ ಎರಡು ನಾಲಗೆ ಸಾಕು. ನಿಮ್ಮ ಒಂದು ಸುಳ್ಳಿನಿಂದ ಇನ್ನೊಬ್ಬ ಚಮ್ಮಾರ ಕೋರ್ಟಿನಲ್ಲಿ ಸೋಲ್ತಾನೆ.

ಇನ್ನು ನಮ್ಮ ಲೆಕ್ಕ. ಹಾಸ್ಟೆಲಿನ ಊಟದ ಮನೆಯಲ್ಲಿ ಹೊಲೆಯರ ಹುಡುಗರದೊಂದು ಸಾಲು, ಮಾದಿಗರ ಹುಡುಗರದೊಂದು ಸಾಲು. ನೋಡಿ ಸುಮ್ಮನಿದ್ದೇವೆ. ನಾವೂ ಹಾಗೇ ಕೂತಿದ್ದೇವೆ. ಅಂತಿಯೋಕ್ಯದ ಪೇತ್ರ ನಮ್ಮೊಳಗೂ ಇದ್ದಾನೆ. ಇವತ್ತು ರಾತ್ರಿ ತಟ್ಟೆ ಎತ್ತಿಕೊಂಡು ಆ ಸಾಲಿಗೆ ಹೋಗಿ ಕೂರೋಣ. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಲೆಕ್ಕ ಕೇಳುವ ಹಕ್ಕು ನಮಗೆ ಅಲ್ಲಿಂದ ಬರುತ್ತೆ.

ಜೈ ಭೀಮ್.