ಬಾವುಟದ ಬಣ್ಣವನ್ನು ಡೀಫಾಲ್ಟ್‌ಗೆ ಬಿಡಬೇಡಿ

ಪ್ರತಿ ರಾಜ್ಯೋತ್ಸವಕ್ಕೂ ಅದೇ ಗೋಳು: ಸ್ಕ್ರೀನ್ ಮೇಲೆ ಫಳಫಳ ಅನ್ನೋ ಹಳದಿ-ಕೆಂಪು, ಪೋಸ್ಟರ್ ಕೈಗೆ ಬಂದಾಗ ಮಂಕು. ಬೈಗುಳವೆಲ್ಲ ಪ್ರಿಂಟರಿಗೆ. ನನಗೇನೋ ಯಾರೂ ತೆರೆದು ನೋಡದ ಡೀಫಾಲ್ಟ್ ಸೆಟ್ಟಿಂಗ್ ಮೇಲೇ ಅನುಮಾನ.

ಸ್ಕ್ರೀನ್ ಬಣ್ಣ ಕಟ್ಟೋದು ಬೆಳಕಿನಿಂದ, ಕಾಗದ ಶಾಯಿಯಿಂದ. 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಎಸ್‌ಆರ್‌ಜಿಬಿಯೇ ಇಂದಿಗೂ ಹೆಚ್ಚಿನ ಕಡೆ ಡೀಫಾಲ್ಟ್. ಅದರ ಅಪ್ಪಟ ಕೆಂಪು (255, 0, 0) ಮಾಮೂಲಿ ನಾಲ್ಕು ಶಾಯಿಗೆ ಎಟುಕೋದೇ ಇಲ್ಲ. ಹಾಗಂತ ಕಣ್ಣುಮುಚ್ಚಿ ಸಿಎಂವೈಕೆಗೆ ಬದಲಿಸೋದೂ ಸರಿಯಲ್ಲ. ಫೋಟೋಶಾಪಿನ ಅಮೆರಿಕದ ಸೆಟ್ಟಿಂಗ್‌ನಲ್ಲಿ ಸ್ವಾಪ್, ಯುರೋಪಿನದರಲ್ಲಿ ಫೋಗ್ರಾ. ಕ್ಯಾಂಪಸ್ ಅಂಗಡಿಯ ಯಂತ್ರಕ್ಕೆ ಎರಡೂ ಹೊಂದದಿರಬಹುದು.

ಫೈಲನ್ನು ಎಸ್‌ಆರ್‌ಜಿಬಿಯಲ್ಲೇ ಇಟ್ಟು, ಪ್ರೊಫೈಲ್ ಸೇರಿಸಿ ಪಿಡಿಎಫ್ ಮಾಡಿ. ಅಂಗಡಿಯವರ ಪ್ರೊಫೈಲ್ ಕೇಳಿ ಪಡೆದು ಸಾಫ್ಟ್ ಪ್ರೂಫ್ ನೋಡಿ. ಮನೆ ಪ್ರಿಂಟರಾದರೆ ಬಣ್ಣದ ಯಜಮಾನಿಕೆ ಆ್ಯಪ್‌ಗೋ ಡ್ರೈವರ್‌ಗೋ ಒಂದಕ್ಕೇ ಕೊಡಿ. ಎರಡೂ ತಿದ್ದಿದರೆ ಬಣ್ಣ ಕೆಟ್ಟಂತೆಯೇ. ನೂರು ಪ್ರತಿಗೆ ಮುಂಚೆ ಒಂದು ತೆಗೆಸಿ ನೋಡಿ.

ಒಂದು ಪೋಸ್ಟರಿಗೆ ಇಷ್ಟೆಲ್ಲ ಯಾಕೆ ಅಂತೀರಾ? ನಮ್ಮನ್ನು ಗೊತ್ತಿಲ್ಲದ ಸಹಪಾಠಿ ನಮ್ಮ ಅರಿಶಿನ-ಕುಂಕುಮದ ಬಾವುಟವನ್ನು ಮೊದಲು ನೋಡೋದು ಆ ಗೋಡೆಯ ಮೇಲೇ. ಮುಂದಿನ ಕಮಿಟಿಗೆ ಬ್ಯಾನರ್ ಜೊತೆ ಈ ನಾಲ್ಕು ಮಾತನ್ನೂ ದಾಟಿಸಿ.