ಮಾಡು ನೋಡಲು ಡ್ರೋನ್ ಬರಲಿ, ಅನುಮತಿ ಕೇಳಿ ಬರಲಿ

ಕರಾವಳಿಯಲ್ಲಿ ಮೇ ತಿಂಗಳು ಬಂತೆಂದರೆ ಮನೆಮನೆಯಲ್ಲೂ ಮಾಡಿನ ಮಾತು ಶುರುವಾಗುತ್ತದೆ. ಎಷ್ಟು ಹಂಚು ಒಡೆದಿವೆ, ಯಾವ ರೀಪು ಕುಂಬಾಗಿದೆ, ತಾರಸಿಯ ಬಿರುಕನ್ನು ಈ ವರ್ಷವಾದರೂ ಮುಚ್ಚಿಸಬೇಕಲ್ಲ ಎಂಬ ಚರ್ಚೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಈ ಮಾತಿನ ನಡುವೆ ಈಗ ಹೊಸದೊಂದು ಹೆಸರು ಸೇರಿದೆ: ಡ್ರೋನ್. ಮದುವೆಯ ವಿಡಿಯೋ ತೆಗೆಯಲು ಬರುವ ಅದೇ ಯಂತ್ರವನ್ನು ಮನೆಯ ಮಾಡು ನೋಡಲೂ ಹಾರಿಸಬಹುದು. ಏಣಿ ಬೇಡ, ಹತ್ತುವವರು ಬೇಡ, ಹತ್ತು ನಿಮಿಷದಲ್ಲಿ ಇಡೀ ಮಾಡಿನ ಚಿತ್ರ ಕೈಗೆ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಡ್ರೋನ್ ಬರಬೇಕು, ಏಕೆಂದರೆ ಅದು ಜೀವ ಉಳಿಸುತ್ತದೆ. ಆದರೆ ಅಕ್ಕಪಕ್ಕದ ಮನೆಯವರನ್ನು ಕೇಳದೆ ಅದು ಮೇಲೇರಬಾರದು. ಈ ಎರಡನೆಯ ಮಾತನ್ನು ಮೊದಲನೆಯದರಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ.

ಮೊದಲು ಜೀವದ ವಿಷಯ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗಿನಿಂದ ನಮ್ಮ ಮನೆಗಳ ಮೇಲೆ ಕೆಂಪು ಹಂಚು ಕೂತಿದೆ. ಹಂಚಿನ ಮಾಡಿಗೆ ಪ್ರತಿ ವರ್ಷ ಮನುಷ್ಯರ ಕೈ ತಾಗಲೇಬೇಕು. ಒಡೆದ ಹಂಚು ಬದಲಿಸಬೇಕು, ಬಿದ್ದ ಎಲೆ ತೆಗೆಯಬೇಕು, ಪಾಚಿ ಕೆರೆಯಬೇಕು. ಆ ಕೆಲಸ ಮಾಡುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಹೊರಗಿನಿಂದ ಗಟ್ಟಿಯಾಗಿ ಕಾಣುವ ಪಕ್ಕಾಸಿನ ಒಳಗೆ ಗೆದ್ದಲು ತಿಂದಿರಬಹುದು. ಹಳೆಯ ಸಿಮೆಂಟ್ ಶೀಟು ಇನ್ನೂ ಅಪಾಯಕಾರಿ. ವರ್ಷ ಕಳೆದಂತೆ ಅದು ಬಿರುಸಾಗುತ್ತದೆ, ಕಾಲಿಟ್ಟ ಕೂಡಲೇ ಮುರಿಯುತ್ತದೆ, ಮುರಿಯುವ ಮುಂಚೆ ಸೂಚನೆಯನ್ನೂ ಕೊಡುವುದಿಲ್ಲ.

ನಮ್ಮ ಭೌತಶಾಸ್ತ್ರದ ಪುಸ್ತಕದ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಿ. 5 ಮೀಟರ್ ಎತ್ತರದ ಮಾಡಿನಿಂದ ಬೀಳುವವರಿಗೆ ನೆಲ ಮುಟ್ಟಲು ಬೇಕಾಗುವುದು ಸುಮಾರು 1 ಸೆಕೆಂಡ್. ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 10 ಮೀಟರ್, ಅಂದರೆ ಗಂಟೆಗೆ ಸುಮಾರು 36 ಕಿಲೋಮೀಟರ್. ಪರೀಕ್ಷೆಯಲ್ಲಿ ಇದು ಎರಡು ಅಂಕದ ಪ್ರಶ್ನೆ. ದಿನಗೂಲಿಯವರ ಮನೆಯಲ್ಲಿ ಇದು ಬೆನ್ನುಮೂಳೆಯ ಪ್ರಶ್ನೆ, ಮಕ್ಕಳ ಶಾಲಾ ಶುಲ್ಕದ ಪ್ರಶ್ನೆ. ಕೆಲವೊಮ್ಮೆ ಮಾಡು ಹತ್ತಿದವರಿಗೆ ಮೇಲೆ ಮಾಡಲು ಕೆಲಸವೇ ಇರುವುದಿಲ್ಲ. ಎಲ್ಲಿ ಸೋರುತ್ತದೆ ಎಂದು ನೋಡಿ ಬರಲಿಕ್ಕಷ್ಟೇ ಹತ್ತಿರುತ್ತಾರೆ. ನೋಡಲು ಹತ್ತಿದಾಗಲೂ ಹಳೆಯ ಹಂಚುಗಳ ಮೇಲೆ ನಡೆಯಲೇಬೇಕು, ನಡೆದಾಗ ಇನ್ನೆರಡು ಹಂಚು ಒಡೆಯುತ್ತವೆ. ನೋಡುವ ಕೆಲಸವನ್ನು ಯಂತ್ರಕ್ಕೆ ಕೊಟ್ಟರೆ, ಮನುಷ್ಯರು ಎಲ್ಲಿ ಹೋಗಬೇಕೆಂದು ಮೊದಲೇ ತಿಳಿದು ಒಮ್ಮೆ ಮಾತ್ರ ಹತ್ತಿದರೆ ಸಾಕು.

ಡ್ರೋನ್ ಬಂದರೆ ಹಂಚಿನ ಕೆಲಸದವರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಕೆಲವರು ಹೇಳುತ್ತಾರೆ. ಹಾಗಾಗುವುದಿಲ್ಲ. ಡ್ರೋನ್ ಒಡೆದ ಹಂಚನ್ನು ತೋರಿಸಬಲ್ಲದು, ಬದಲಿಸಲಾರದು. ಪಕ್ಕಾಸಿನ ಒಳಗಿನ ಗೆದ್ದಲನ್ನು ಕಾಣಲಾರದು. ಅದಕ್ಕೆ ಅಟ್ಟದಲ್ಲಿ ನಿಂತು ಟಾರ್ಚ್ ಹಿಡಿದು, ಮರವನ್ನು ಬೆರಳಿಂದ ತಟ್ಟಿ ಸದ್ದು ಕೇಳುವ ಅನುಭವಿಯೇ ಬೇಕು. ಮಳೆ ಗಾಳಿಯಲ್ಲಿ ಡ್ರೋನ್ ಹಾರುವುದಿಲ್ಲ. ತೆಂಗಿನ ಗರಿ, ವಿದ್ಯುತ್ ತಂತಿ ಅಡ್ಡ ಬಂದರೆ ಬಿದ್ದೇ ಹೋಗುತ್ತದೆ. ಆದ್ದರಿಂದ ಅದನ್ನು ಕೆಲಸದವರ ಕಣ್ಣಿಗೆ ಸಹಾಯವೆಂದು ತಿಳಿಯಬೇಕು. ತೆಗೆದ ಚಿತ್ರವನ್ನು ಅವರಿಗೇ ಮೊದಲು ತೋರಿಸಿ, ಹೇಗೆ ಹತ್ತಬೇಕೆಂದು ಅವರೇ ತೀರ್ಮಾನಿಸಬೇಕು.

ಇನ್ನು ಎರಡನೆಯ ವಿಷಯ. ಡ್ರೋನ್ ಎಷ್ಟು ಚೆನ್ನಾಗಿ ನೋಡುತ್ತದೆ? ಇಲ್ಲೂ ಒಂದು ಲೆಕ್ಕ ಹಾಕೋಣ. ಮಾಡಿನಿಂದ 10 ಮೀಟರ್ ಮೇಲೆ ನಿಂತ ಕ್ಯಾಮೆರಾ ಸುಮಾರು 15 ಮೀಟರ್ ಅಗಲದ ಜಾಗವನ್ನು 4000 ಪಿಕ್ಸೆಲ್‌ಗಳಲ್ಲಿ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಒಂದು ಪಿಕ್ಸೆಲ್ ಅಂದರೆ 4 ಮಿ.ಮೀ.ಗಿಂತ ಕಡಿಮೆ. ಒಡೆದ ಹಂಚು, ಜರುಗಿದ ಹಂಚು, ತಾರಸಿಯ ದೊಡ್ಡ ಬಿರುಕು, ನೀರು ನಿಂತ ಕಲೆ, ಎಲ್ಲವೂ ಸ್ಪಷ್ಟ. ಶಾಖ ಅಳೆಯುವ ಕ್ಯಾಮೆರಾ ಇದ್ದರೆ ಕಣ್ಣಿಗೆ ಕಾಣದ ತೇವವನ್ನೂ ಗುರುತಿಸಬಹುದು. ನೀರಿನ ವಿಶಿಷ್ಟೋಷ್ಣ ಕಾಂಕ್ರೀಟಿನದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಹೀಗಾಗಿ ಒದ್ದೆಯಾದ ಭಾಗ ಒಣಭಾಗದಷ್ಟು ಬೇಗ ಬಿಸಿಯಾಗುವುದೂ ಇಲ್ಲ, ತಣಿಯುವುದೂ ಇಲ್ಲ. ಆ ವ್ಯತ್ಯಾಸ ಚಿತ್ರದಲ್ಲಿ ಬೇರೆ ಬಣ್ಣವಾಗಿ ಕಾಣುತ್ತದೆ.

ಇದೇ ಲೆಕ್ಕವನ್ನು ಪಕ್ಕದ ಮನೆಗೆ ಅನ್ವಯಿಸಿ. ಮನುಷ್ಯರ ಮುಖದ ಅಗಲ ಸುಮಾರು 15 ಸೆಂ.ಮೀ. ಅದೇ ದೂರದಿಂದ ಅದೇ ಕ್ಯಾಮೆರಾದಲ್ಲಿ ಅದು ಸುಮಾರು 40 ಪಿಕ್ಸೆಲ್ ಆಗುತ್ತದೆ. ಕ್ಯಾಮೆರಾ ಸ್ವಲ್ಪ ಓರೆಯಾಗಿದ್ದರೆ ಪರಿಚಯದವರು ಯಾರೆಂದು ಹೇಳಲು ಅಷ್ಟು ಸಾಕು. ಹಂಚಿನ ಬಿರುಕು ಕಾಣಿಸುವಷ್ಟು ಹತ್ತಿರ ಹೋದ ಕ್ಯಾಮೆರಾಕ್ಕೆ ಪಕ್ಕದ ತಾರಸಿಯಲ್ಲಿರುವವರೂ ಕಾಣಿಸಿಯೇ ಕಾಣಿಸುತ್ತಾರೆ. ಒಂದನ್ನು ನೋಡು, ಇನ್ನೊಂದನ್ನು ಬಿಡು ಎಂದರೆ ಅದಕ್ಕೆ ತಿಳಿಯುವುದಿಲ್ಲ. ಅದನ್ನು ತಿಳಿದಿರಬೇಕಾದವರು ರಿಮೋಟ್ ಹಿಡಿದವರು.

ತಾರಸಿ ನಮ್ಮ ಮನೆಗಳಲ್ಲಿ ಬರೀ ಕಾಂಕ್ರೀಟಿನ ಹಲಗೆಯಲ್ಲ. ಅಂಗಳವಿಲ್ಲದ ಮನೆಗಳಲ್ಲಿ ಅದೇ ಅಂಗಳ. ಉಮ್ಮಂದಿರು ಹಪ್ಪಳ, ಮೆಣಸು ಒಣಗಿಸುವುದು ಅಲ್ಲಿ, ಬಟ್ಟೆ ಹರವುವುದು ಅಲ್ಲಿ, ಸ್ನಾನ ಮಾಡಿ ಬಂದು ತಲೆಕೂದಲು ಆರಿಸಿಕೊಳ್ಳುವುದು ಅಲ್ಲಿ. ಬೀದಿಯಲ್ಲಿ ತಲೆಯ ಬಟ್ಟೆ ಸರಿಸದ ಹೆಣ್ಣುಮಕ್ಕಳು ಅಲ್ಲಿ ಗಾಳಿಗೆ ತಲೆ ಬಿಟ್ಟು ಕೂರುತ್ತಾರೆ, ಏಕೆಂದರೆ ಎತ್ತರದ ಕಟ್ಟೆಯ ಒಳಗೆ ಯಾರೂ ನೋಡುವುದಿಲ್ಲ ಎಂಬ ಭರವಸೆ ಇದೆ. ಇದು ಮುಸ್ಲಿಮರ ಮನೆಯ ಮಾತಷ್ಟೇ ಅಲ್ಲ. ಎಲ್ಲ ಮನೆಗಳ ಹೆಂಗಸರಿಗೂ ಈ ಭರವಸೆ ಬೇಕು. ತಲೆಯ ಮೇಲೆ ಜೇನುಹುಳದಂತೆ ಗುಂಯ್‌ಗುಡುವ ಕ್ಯಾಮೆರಾ ಒಂದು ಮಧ್ಯಾಹ್ನ ಹಾದುಹೋದರೆ ಆ ಭರವಸೆ ಹೋಗುತ್ತದೆ. ಡ್ರೋನ್ ಮರಳಿ ಪೆಟ್ಟಿಗೆ ಸೇರಿದ ಮೇಲೂ ಅವರು ಆಕಾಶ ನೋಡಿಕೊಂಡೇ ಬಟ್ಟೆ ಹರವಬೇಕಾಗುತ್ತದೆ.

ಬೇರೆಯವರ ಮನೆಗೆ ಹೋಗುವ ಮೊದಲು ಅನುಮತಿ ಪಡೆದು, ಮನೆಯವರಿಗೆ ಸಲಾಮ್ ಹೇಳಬೇಕೆಂಬುದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 27ನೇ ಸೂಕ್ತದ ಬೋಧನೆ. ಇತರರ ಗುಟ್ಟು ಹುಡುಕಬಾರದೆಂದು ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತ ಹೇಳುತ್ತದೆ. ಪ್ರವಾದಿ ಮುಹಮ್ಮದ್ (ಸ) ಅವರ ಮನೆಯ ಬಾಗಿಲ ಸಂದಿಯಿಂದ ಒಬ್ಬ ವ್ಯಕ್ತಿ ಇಣುಕಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಅನುಮತಿಯ ನಿಯಮ ಇರುವುದೇ ಕಣ್ಣಿನ ಕಾರಣಕ್ಕೆ ಎಂಬ ಅರ್ಥದ ಮಾತನ್ನು ಅವರು ಆಗ ತಿಳಿಸಿದರು. ಕಾಲು ಹೊಸ್ತಿಲು ದಾಟದೆಯೂ ಕಣ್ಣು ಮನೆಯೊಳಗೆ ಹೋಗಬಹುದು ಎಂಬುದನ್ನು ಕ್ಯಾಮೆರಾ ಹುಟ್ಟುವ ಎಷ್ಟೋ ಶತಮಾನಗಳ ಹಿಂದೆಯೇ ಕಲಿಸಿದ ಪಾಠವಿದು. ಡ್ರೋನ್ ಅಂದರೆ ಅಂಥದೇ ಕಣ್ಣು, ರೆಕ್ಕೆ ಬಂದದ್ದು ಮಾತ್ರ ಹೊಸದು.

ನಮ್ಮ ಸಂವಿಧಾನವೂ ಇದೇ ದಾರಿಯಲ್ಲಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆಯ ವಿಷಯ.

ಡ್ರೋನ್‌ಗೆ ನಿಯಮಗಳಿಲ್ಲವೇ? ಇವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನ್‌ಗೆ ಗುರುತಿನ ಸಂಖ್ಯೆ ಬೇಕು. ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂಬ ನಕ್ಷೆ ಡಿಜಿಟಲ್ ಸ್ಕೈ ತಾಣದಲ್ಲಿದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು, ವಿಮಾನ ನಿಲ್ದಾಣದ ಹತ್ತಿರ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಆದರೆ ಈ ನಿಯಮಗಳ ಮುಖ್ಯ ಕಾಳಜಿ ಆಕಾಶದ ಸುರಕ್ಷತೆ. ಅವು ಡ್ರೋನ್‌ಗಳನ್ನು ತೂಕದಿಂದ ವಿಂಗಡಿಸುತ್ತವೆ. 250 ಗ್ರಾಂ ಮೀರದ ಅತಿ ಚಿಕ್ಕ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರವೂ ಬೇಡ. ಒಂದು ಮನೆಯ ಮಾಡು ನೋಡಲು ಅಂಥದೇ ಸಾಕು, ಪಕ್ಕದ ಮನೆ ನೋಡಲೂ ಅಂಥದೇ ಸಾಕು. ನಿಯಮ ತೂಕ ನೋಡುತ್ತದೆ, ಕಣ್ಣು ನೋಡುವುದಿಲ್ಲ. ಉಳಿದದ್ದನ್ನು ನಾವೇ ನೋಡಿಕೊಳ್ಳಬೇಕು.

"ಉಪಗ್ರಹದ ಚಿತ್ರದಲ್ಲಿ ಎಲ್ಲರ ಮಾಡೂ ಕಾಣುತ್ತದಲ್ಲ, ಇದರಲ್ಲೇನು ದೊಡ್ಡ ವಿಷಯ?" ಎಂದು ತರಗತಿಯಲ್ಲಿ ಗೆಳೆಯರು ವಾದಿಸುವುದುಂಟು. ಅತ್ಯುತ್ತಮ ವಾಣಿಜ್ಯ ಉಪಗ್ರಹ ಚಿತ್ರದಲ್ಲೂ ಒಂದು ಪಿಕ್ಸೆಲ್‌ಗೆ ಸುಮಾರು 30 ಸೆಂ.ಮೀ. ಇರುತ್ತದೆ. ಅದರಲ್ಲಿ ಮನುಷ್ಯರ ತಲೆ ಒಂದು ಚುಕ್ಕಿಯೂ ಆಗುವುದಿಲ್ಲ. ಡ್ರೋನ್ ಅದಕ್ಕಿಂತ ಎಂಬತ್ತು ಪಟ್ಟು ಸೂಕ್ಷ್ಮವಾಗಿ ನೋಡುತ್ತದೆ. ಮೇಲಿನಿಂದ ನೋಡುತ್ತವೆ ಎಂಬ ಒಂದೇ ಕಾರಣಕ್ಕೆ ಇವೆರಡು ಒಂದೇ ಆಗುವುದಿಲ್ಲ.

"ಮಾಡು ನಮ್ಮದು, ಬೇರೆಯವರನ್ನು ಏಕೆ ಕೇಳಬೇಕು?" ಎನ್ನುವವರಿಗೆ ಸರ್ಕಾರದ್ದೇ ಒಂದು ಉದಾಹರಣೆ ಇದೆ. ಹಳ್ಳಿಗಳ ಮನೆ ಜಾಗಗಳನ್ನು ಡ್ರೋನ್‌ನಿಂದ ಅಳೆದು ಹಕ್ಕುಪತ್ರ ಕೊಡುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಆರಂಭವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅದರಲ್ಲಿ ಡ್ರೋನ್ ಹಾರುವ ಮುಂಚೆ ಗ್ರಾಮಸಭೆಯಲ್ಲಿ ಜನರಿಗೆ ವಿಷಯ ತಿಳಿಸಬೇಕು, ಆಸ್ತಿಯ ಗಡಿಗೆ ಸುಣ್ಣದ ಗೆರೆ ಹಾಕಬೇಕು. ಸರ್ಕಾರವೇ ಮೊದಲು ಹೇಳಿ ಆಮೇಲೆ ಹಾರಿಸುತ್ತದೆ ಎಂದಮೇಲೆ ನಾವು ಪಕ್ಕದ ಮನೆಯ ಬಾಗಿಲು ತಟ್ಟಿ ಒಂದು ಮಾತು ಹೇಳಲು ಕಷ್ಟವೇನು?

ಹಾಗಾದರೆ ಏನು ಮಾಡಬೇಕು? ದೊಡ್ಡ ಕಾನೂನು ಬರಲೆಂದು ಕಾಯಬೇಕಿಲ್ಲ. ಐದು ಪದ್ಧತಿ ಸಾಕು.

ಒಂದು, ಹಿಂದಿನ ದಿನವೇ ಸುತ್ತಲಿನ ಮನೆಗಳಿಗೆ ಹೋಗಿ ಸಮಯ ತಿಳಿಸುವುದು. ಅವರಿಗೆ ಆ ಹೊತ್ತು ಆಗದಿದ್ದರೆ ಬೇರೆ ಹೊತ್ತು ನೋಡುವುದು.

ಎರಡು, ಮನೆಯವರಲ್ಲಿ ಒಬ್ಬರು ಹಾರಿಸುವವರ ಪಕ್ಕದಲ್ಲೇ ನಿಂತು ಪರದೆ ನೋಡುತ್ತಿರುವುದು.

ಮೂರು, ಕ್ಯಾಮೆರಾ ಸದಾ ನೇರ ಕೆಳಕ್ಕೆ ನೋಡುವುದು, ಡ್ರೋನ್ ತನ್ನ ಮನೆಯ ಗಡಿಯೊಳಗೆ, ಬೇಕಾದಷ್ಟೇ ಎತ್ತರದಲ್ಲಿ ಇರುವುದು.

ನಾಲ್ಕು, ಚಿತ್ರಗಳನ್ನು ಮನೆಯವರಿಗೆ ಕೊಟ್ಟು, ಹಾರಿಸಿದವರ ಬಳಿ ಇರುವ ಪ್ರತಿಯನ್ನು ಅಲ್ಲೇ ಅಳಿಸುವುದು. ಚಿತ್ರ ಚೆನ್ನಾಗಿ ಬಂದಿದೆಯೆಂದು ಸ್ಟೇಟಸ್‌ಗೆ ಹಾಕುವುದು ಬೇಡವೇ ಬೇಡ.

ಐದು, ಕೆಲಸದವರಿಗೆ ಹಗ್ಗ ಮತ್ತು ಸರಿಯಾದ ಏಣಿ ಕೊಡುವುದು. ಡ್ರೋನ್‌ಗೆ ಹಣ ಕೊಟ್ಟ ಮನೆಯವರು ಹಗ್ಗಕ್ಕೆ ಕೊಡದಿದ್ದರೆ ಈ ಮಾತಿಗೆಲ್ಲ ಅರ್ಥವೇ ಇಲ್ಲ.

ಎಲ್ಲ ಮನೆಗೂ ಡ್ರೋನ್ ಬೇಕೆಂದೇನೂ ಇಲ್ಲ. ಮಾವಿನಕಾಯಿ ಕೀಳುವ ದೋಟಿಯ ತುದಿಗೆ ಮೊಬೈಲ್ ಗಟ್ಟಿಯಾಗಿ ಕಟ್ಟಿ ವಿಡಿಯೋ ತೆಗೆದರೆ ಸಣ್ಣ ಮನೆಯ ಅರ್ಧ ಮಾಡು ಕಾಣುತ್ತದೆ, ವಿದ್ಯುತ್ ತಂತಿಯಿಂದ ದೂರವಿದ್ದರೆ ಆಯಿತು. ದೊಡ್ಡ ಮಾಡು, ಎತ್ತರದ ಮಾಡು, ಕಾಲಿಡಲಾಗದ ಹಳೆಯ ಶೀಟಿನ ಮಾಡು ಇದ್ದಲ್ಲಿ ಡ್ರೋನ್ ತರಿಸಬೇಕು. ಒಬ್ಬೊಬ್ಬರೇ ತರಿಸಿದರೆ ದುಬಾರಿ. ಒಂದು ಬೀದಿಯ ಹತ್ತು ಮನೆಯವರು ಸೇರಿ ಮೇ ತಿಂಗಳ ಒಂದು ಬೆಳಿಗ್ಗೆ ಗೊತ್ತುಮಾಡಿದರೆ ಖರ್ಚು ಹಂಚಿಹೋಗುತ್ತದೆ, ತಿಳಿಸುವ ಕೆಲಸವೂ ಒಂದೇ ಬಾರಿಗೆ ಮುಗಿಯುತ್ತದೆ. ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯಲ್ಲಿ ಒಂದು ಪ್ರಕಟಣೆ, ವಾರ್ಡಿನ ಪಂಚಾಯತ್ ಸದಸ್ಯರಿಂದ ಉಳಿದ ಮನೆಗಳಿಗೆ ಒಂದು ಮಾತು. ಆ ಹೊತ್ತು ತಾರಸಿಗೆ ಹೋಗಬೇಡಿ, ಬಟ್ಟೆ ಒಳಗಿಡಿ ಎಂದರೆ ಯಾರೂ ಬೇಸರಿಸುವುದಿಲ್ಲ. ಅದರಲ್ಲಿ ವಿಧವೆಯರ, ವೃದ್ಧರ ಮನೆಗಳಿಗೆ ಹಣ ಕೇಳದೆ ಮಾಡಿಕೊಟ್ಟರೆ ಅದಕ್ಕಿಂತ ಒಳ್ಳೆಯ ನೆರೆಹೊರೆಯ ಸೇವೆ ಯಾವುದಿದೆ?

ನಮ್ಮಲ್ಲಿ ಅನೇಕರಿಗೆ ಡ್ರೋನ್ ಕಲಿಯುವ ಆಸೆಯಿದೆ. ಹತ್ತನೇ ತರಗತಿ ಪಾಸಾಗಿ 18 ವರ್ಷ ತುಂಬಿದವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆಯಬಹುದು. ಅಂದರೆ ಈಗ ದ್ವಿತೀಯ ಪಿಯುಸಿಯಲ್ಲಿರುವ ನಮ್ಮಲ್ಲಿ ಕೆಲವರು ಇನ್ನೆರಡು ವರ್ಷದಲ್ಲಿ ಇದನ್ನೇ ಕಸುಬಾಗಿ ಮಾಡಿಕೊಂಡಿರಬಹುದು. ಹುಡುಗಿಯರೂ ಈ ಕೆಲಸ ಕಲಿಯಬೇಕು ಎಂಬುದು ನನ್ನ ಆಸೆ. ಹಾರಿಸುವವಳು ಹೆಣ್ಣುಮಗಳಾಗಿದ್ದರೆ ಎಷ್ಟೋ ಮನೆಗಳ ಬಾಗಿಲು ಅಂಜಿಕೆಯಿಲ್ಲದೆ ತೆರೆಯುತ್ತದೆ. ಹಾರಿಸುವ ಕೌಶಲ ತರಬೇತಿಯಲ್ಲಿ ಸಿಗುತ್ತದೆ. ಯಾವಾಗ ಹಾರಿಸಬಾರದು, ಯಾವ ಕಡೆಗೆ ಕ್ಯಾಮೆರಾ ತಿರುಗಿಸಬಾರದು ಎಂಬುದನ್ನು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದಲೇ ಕಲಿಸಿದ್ದಾರೆ: ಬೇರೆಯವರ ಬಾಗಿಲಲ್ಲಿ ಮೊದಲು ಸಲಾಮ್ ಹೇಳು, ಒಳಗಿನಿಂದ ಉತ್ತರ ಬರುವವರೆಗೆ ಪಕ್ಕಕ್ಕೆ ನಿಲ್ಲು. ಆ ಎರಡು ಕಲಿಕೆಯೂ ಇರುವವರ ಕೈಯಲ್ಲಿ ರಿಮೋಟ್ ಇದ್ದರೆ ಮಾಡಿನ ಮೇಲೆ ಹತ್ತುವವರೂ ಕ್ಷೇಮ, ಮಾಡಿನ ಕೆಳಗೆ ಇರುವವರೂ ಕ್ಷೇಮ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ